ಮಲ್ಲವಿದ್ಯೆ ಮತ್ತು ಆತ್ಮರಕ್ಷಣೆ: ಸೊಲ್ಲಾಪುರ–ಅಕ್ಕಲಕೋಟ ಸೀಮೆಯ ತಾಲೀಮು ಪರಂಪರೆಯ ಹಿನ್ನೆಲೆಯಲ್ಲಿ



ಕುಸ್ತಿ ಕಲಿತವರು ಅಪಾಯದ ಗಳಿಗೆಯಲ್ಲಿ ತಮ್ಮನ್ನು ತಾವು ಕಾಪಾಡಿಕೊಳ್ಳಬಲ್ಲರೇ ಎಂಬ ಪ್ರಶ್ನೆಯನ್ನು ಸೊಲ್ಲಾಪುರ ಮತ್ತು ಅಕ್ಕಲಕೋಟ ಸೀಮೆಯ ಹಳೆಯ ತಲೆಮಾರು ಕೇಳಿಕೊಂಡದ್ದು ಅಪರೂಪ. ಪೈಲ್ವಾನನ ಮೈಗೆ ಕೈ ಹಚ್ಚುವ ಧೈರ್ಯ ಯಾರಿಗಿದೆ ಎಂಬುದೇ ಅಲ್ಲಿ ಉತ್ತರವಾಗಿತ್ತು. ಈಚಿನ ತಲೆಮಾರು ಇದಕ್ಕೆ ತೀರ ವಿರುದ್ಧವಾದ ಮಾತನ್ನು ಅಷ್ಟೇ ಸಲೀಸಾಗಿ ಆಡುತ್ತದೆ: ಕುಸ್ತಿ ಎಂಬುದು ಜಾತ್ರೆಯ ಆಟ, ಚೂರಿ ಹಿಡಿದವನ ಮುಂದೆ ಅದು ನಡೆಯದು, ಗುದ್ದಲು ಒದೆಯಲು ಕಲಿಸುವ ಕರಾಟೆಯೇ ಮೇಲು. ಇವೆರಡೂ ಪರೀಕ್ಷೆಗೆ ಒಳಗಾಗದ ನಂಬಿಕೆಗಳೇ ಆದ್ದರಿಂದ, ಮೊದಲು ಪದಗಳ ವ್ಯಾಪ್ತಿಯನ್ನು ಗೊತ್ತುಪಡಿಸಿಕೊಂಡು, ಆಮೇಲೆ ಈ ಸೀಮೆಯ ಪರಂಪರೆ ಏನನ್ನು ಕಲಿಸುತ್ತದೆ, ಏನನ್ನು ಕಲಿಸುವುದಿಲ್ಲ ಎಂಬುದನ್ನು ನೋಡುವುದು ಉಚಿತ.

ಇಲ್ಲಿ ಮಲ್ಲವಿದ್ಯೆ ಎಂಬ ಪದವನ್ನು, ಹೊಡೆತಕ್ಕೆ ಎಡೆ ಕೊಡದೆ ಎದುರಾಳಿಯ ಮೈಯನ್ನು ಹಿಡಿದು, ಎಳೆದು, ಎತ್ತಿ, ಕೆಡವಿ, ಅದುಮಿ ಇಡುವುದನ್ನೇ ಗುರಿಯಾಗಿಸಿಕೊಂಡ ಎಲ್ಲ ವಿದ್ಯೆಗಳಿಗೆ, ಅಂದರೆ ಮಣ್ಣಿನ ಕುಸ್ತಿ, ಮ್ಯಾಟ್ ಕುಸ್ತಿ, ಜಪಾನಿನ ಜೂಡೊ, ಬ್ರೆಜಿಲಿನಲ್ಲಿ ಬೆಳೆದ ಜುಜುತ್ಸು ಇವೆಲ್ಲಕ್ಕೂ ಬಳಸಲಾಗಿದೆ. ಆತ್ಮರಕ್ಷಣೆ ಎಂಬುದಕ್ಕೆ ಇಟ್ಟುಕೊಂಡಿರುವ ಅರ್ಥ ಇನ್ನೂ ಕಿರಿದಾದದ್ದು: ದಾಳಿಗೆ ಸಿಕ್ಕವರು ಜೀವ, ಮಾನ, ಅಂಗಾಂಗಗಳನ್ನು ಉಳಿಸಿಕೊಂಡು ಅಲ್ಲಿಂದ ಪಾರಾಗುವುದು ಇಷ್ಟೇ, ಎದುರಾಳಿ ಸೋತನೋ ಇಲ್ಲವೋ ಎಂಬುದು ಇದರ ಲೆಕ್ಕಕ್ಕೆ ಬರುವುದಿಲ್ಲ. ಈ ಅರ್ಥದಲ್ಲಿ ನೋಡಿದರೆ ಮಲ್ಲವಿದ್ಯೆಯ ಪ್ರಯೋಜನ ಅದರ ಪಟ್ಟುಗಳಿಗಿಂತ ಹೆಚ್ಚಾಗಿ ಅದನ್ನು ಕಲಿಸುವ ವಿಧಾನದಲ್ಲಿದೆ ಎಂಬುದೂ, ಅದೇ ವಿಧಾನ ಮೈಗೆ ಅಂಟಿಸುವ ಕೆಲವು ರೂಢಿಗಳು ಅಖಾಡದ ಹೊರಗೆ ಅಪಾಯಕಾರಿ ಎಂಬುದೂ, ಈ ಎರಡೂ ಸಂಗತಿಗಳು ಹಿಂದಿನವರಿಗೆ ಗೊತ್ತಿದ್ದವು ಎಂಬುದೂ ಈ ಉಪನ್ಯಾಸದ ಪ್ರತಿಪಾದನೆ.

ಕನ್ನಡ ನಾಡಿನ ಮಲ್ಲವಿದ್ಯೆಯ ಕುರಿತು ಉಳಿದಿರುವ ಹಳೆಯ ಬರಹಗಳಲ್ಲಿ ಅತ್ಯಂತ ವಿವರವಾದದ್ದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿದೆ. 1126ರಿಂದ 1138ರವರೆಗೆ ಆಳಿದ ಈ ದೊರೆಯ ರಾಜಧಾನಿಯಾದ ಕಲ್ಯಾಣ, ಇಂದಿನ ಬಸವಕಲ್ಯಾಣ, ಅಕ್ಕಲಕೋಟಕ್ಕೆ ದೂರದ ಊರೇನಲ್ಲ. ಸೊನ್ನಲಿಗೆ ಎಂಬ ಹೆಸರಿನಲ್ಲಿ ಸಿದ್ಧರಾಮನ ಊರಾಗಿ ಪ್ರಸಿದ್ಧವಾದ ಸೊಲ್ಲಾಪುರವೂ ಅದೇ ರಾಜ್ಯದ ಸೀಮೆಯೊಳಗಿತ್ತು. ಆ ಗ್ರಂಥದ ಮಲ್ಲವಿನೋದ ಎಂಬ ಅಧ್ಯಾಯದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ ಮುಂತಾಗಿ ದರ್ಜೆಗಳಲ್ಲಿ ವಿಂಗಡಿಸಿ, ಅವರ ಆಹಾರವನ್ನು ಹೇಳಿ, ಭಾರಶ್ರಮ ಎಂದರೆ ತೂಕ ಎತ್ತುವುದು, ಭ್ರಮಣಶ್ರಮ ಎಂದರೆ ನಡಿಗೆ, ಸಲಿಲಶ್ರಮ ಎಂದರೆ ಈಜು, ಸ್ತಂಭಶ್ರಮ ಎಂದರೆ ಇಂದಿನ ಮಲ್ಲಕಂಬವನ್ನು ನೆನಪಿಸುವ ಕಂಬದ ಸಾಮು, ಹೀಗೆ ದಿನದಿನದ ಅಭ್ಯಾಸವನ್ನು ವಿವರಿಸಲಾಗಿದೆ. ಗಮನಿಸಬೇಕಾದ ಸಂಗತಿ ಬೇರೆಯದೇ ಇದೆ. ಆಯುಧ ಹಿಡಿದು ಇಬ್ಬರು ಕಾದುವ ದ್ವಂದ್ವಕ್ಕೆ ಅದೇ ಗ್ರಂಥದಲ್ಲಿ ಅಂಕವಿನೋದ ಎಂಬ ಪ್ರತ್ಯೇಕ ಅಧ್ಯಾಯವಿದ್ದು, ದೊರೆ ಮಲ್ಲನನ್ನೂ ಅಂಕದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಬರಿಗೈ ಹಿಡಿತದ ವಿದ್ಯೆಗೂ ಅಲಗು ಎದುರಾದಾಗ ಬೇಕಾದ ವಿದ್ಯೆಗೂ ನಡುವಿನ ಗೆರೆ ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಸ್ಪಷ್ಟವಾಗಿತ್ತು ಎಂದಾಯಿತು.

ಆ ಗೆರೆಯ ಎರಡೂ ಬದಿಯನ್ನು ಒಂದೇ ಸೂರಿನಡಿ ತಂದದ್ದು ತಾಲೀಮು. ತಾಲೀಮು ಎಂಬುದು ಹಳೆಯ ಮೈಸೂರಿನ ಕಡೆ ಗರಡಿಮನೆ ಎಂದು ಕರೆಯಲ್ಪಡುವ ವ್ಯಾಯಾಮಶಾಲೆಗೆ ಈ ಭಾಗದಲ್ಲಿರುವ ಹೆಸರು. ಅದರ ನಡುವೆ ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಅಖಾಡವನ್ನು ಹೌದಾ ಎನ್ನುತ್ತಾರೆ, ಕಲಿಸುವ ಹಿರಿಯನನ್ನು ವಸ್ತಾದ ಎನ್ನುತ್ತಾರೆ. ಸೊಲ್ಲಾಪುರದಲ್ಲಿ 1877ರಲ್ಲಿ ಮೊದಲ ನೂಲಿನ ಗಿರಣಿ ಎದ್ದ ಮೇಲೆ ಕನ್ನಡ, ಮರಾಠಿ, ತೆಲುಗು ಮಾತನಾಡುವ ದುಡಿಯುವ ಜನ ನೆರೆದ ಪೇಟೆಗಳಲ್ಲಿ ತಾಲೀಮುಗಳಿಗೆ ಒಳ್ಳೆಯ ಆಸರೆ ದೊರೆಯಿತು. ಪಾಣಿವೇಸ್ ತಾಲೀಮು, ಪತ್ರಾ ತಾಲೀಮು, ಥೋರಲಾ ಮಂಗಳವೇಢಾ ತಾಲೀಮು ಮುಂತಾದ ಹೆಸರುಗಳು ಇಂದು ಹೆಚ್ಚಾಗಿ ಗಣೇಶೋತ್ಸವದ ಮೆರವಣಿಗೆಯಲ್ಲಿ ಕೇಳಿಬಂದರೂ ಅವುಗಳ ಮೂಲ ಹೌದಾದಲ್ಲಿಯೇ ಇದೆ. ಮರಾಠಾ ಸೀಮೆಯ ಹಳೆಯ ತಾಲೀಮುಗಳಲ್ಲಿ ಕುಸ್ತಿಯ ಜೊತೆಗೆ ಲಾಠಿ, ಬನೇಟಿ, ಮೊಣಕೈವರೆಗೆ ಉಕ್ಕಿನ ಕವಚವಿರುವ ಉದ್ದ ಅಲಗಿನ ದಾಂಡಪಟ್ಟಾ ಇವುಗಳ ಕೈಚಳಕವೂ ಕಲಿಕೆಯ ಭಾಗವಾಗಿತ್ತು. ಬಡೋದೆಯಲ್ಲಿ ದ. ಚಿಂ. ಮುಜುಂದಾರರು ಸಂಪಾದಿಸಿದ ವ್ಯಾಯಾಮ ಜ್ಞಾನಕೋಶದಲ್ಲಿ ಕುಸ್ತಿಯ ಮಗ್ಗುಲಲ್ಲೇ ಲಾಠಿ, ಜಂಬಿಯಾ ಎಂಬ ಬಾಕು, ಜಪಾನಿನ ಜುಜುತ್ಸು ಇವೆಲ್ಲಕ್ಕೂ ಸ್ಥಳ ದೊರೆತಿರುವುದು ಈ ದೃಷ್ಟಿಯ ಮುಂದುವರಿಕೆಯೇ. ಅಕ್ಕಲಕೋಟದ ಭೋಸಲೆ ಮನೆತನದ ಅರಮನೆಯ ಶಸ್ತ್ರಾಗಾರದಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಕತ್ತಿ, ಕಠಾರಿ, ಬಂದೂಕುಗಳನ್ನು ನೋಡಿದವರಿಗೆ, ಸಂಸ್ಥಾನದ ಕಾಲದಲ್ಲಿ ಪೈಲ್ವಾನನ ಬರಿಗೈ ಯಾವ ಲೋಕದ ನಡುವೆ ಇತ್ತು ಎಂಬುದು ಬೇರೆ ಹೇಳಬೇಕಾಗುವುದಿಲ್ಲ. ಆಯುಧದ ಕಲಿಕೆ ಕ್ರಮೇಣ ಪ್ರದರ್ಶನಕ್ಕೂ ಮೆರವಣಿಗೆಗೂ ಸೀಮಿತವಾಗಿ, ಕುಸ್ತಿ ಮಾತ್ರ ಸ್ಪರ್ಧೆಯಾಗಿ ಬೆಳೆದ ಮೇಲೆ ಈ ಎರಡರ ನಂಟು ಕಳಚಿತು. ಕುಸ್ತಿಯೊಂದೇ ಆತ್ಮರಕ್ಷಣೆಯ ಪೂರ್ಣ ವಿದ್ಯೆ ಎಂಬ ಭ್ರಮೆ ಹುಟ್ಟಿದ್ದೂ ಆ ಮೇಲೆಯೇ ಇರಬೇಕು.

ಹಾಗಾದರೆ ಕುಸ್ತಿಯಲ್ಲಿ ಉಳಿದಿರುವ ಸತ್ತ್ವವೇನು? ಅದು ಜೋಡಿ ಹಚ್ಚುವ ಪದ್ಧತಿ. ಸಮಬಲದ ಇಬ್ಬರನ್ನು ಹೌದಾದೊಳಗೆ ಬಿಟ್ಟು, ಒಬ್ಬರನ್ನೊಬ್ಬರು ಪೂರ್ಣ ಬಲದಿಂದ ಕೆಡವಲು ಯತ್ನಿಸುವಂತೆ ಮಾಡುವುದು ತಾಲೀಮಿನ ನಿತ್ಯದ ಕೆಲಸ. ಇದರಲ್ಲಿ ಎದುರಿನವನು ಎಂದೂ ಒಪ್ಪಿಕೊಂಡು ಬೀಳುವುದಿಲ್ಲ. ಹೊಡೆತದ ವಿದ್ಯೆಗಳಲ್ಲಿ ಈ ಅನುಕೂಲ ಕಡಿಮೆ, ಏಕೆಂದರೆ ಕಣ್ಣು, ಗಂಟಲು, ಮೂಗುಗಳಿಗೆ ಪೂರ್ಣ ಬಲದ ಪೆಟ್ಟನ್ನು ದಿನವೂ ಅಭ್ಯಾಸ ಮಾಡಿದರೆ ಜೊತೆಗಾರನೇ ಉಳಿಯುವುದಿಲ್ಲ, ಆದ್ದರಿಂದ ಅಲ್ಲಿ ಪೆಟ್ಟನ್ನು ಗಾಳಿಯಲ್ಲಿ ನಿಲ್ಲಿಸುವುದು ಅನಿವಾರ್ಯವಾಗುತ್ತದೆ. 1882ರಲ್ಲಿ ಟೋಕಿಯೊದಲ್ಲಿ ಕೋಡೋಕಾನ್ ಶಾಲೆಯನ್ನು ತೆರೆದ ಜಿಗೊರೊ ಕಾನೊ ಹಳೆಯ ಜುಜುತ್ಸುವಿನಿಂದ ಜೂಡೊವನ್ನು ರೂಪಿಸಿದಾಗ ಮಾಡಿದ್ದು ಇದನ್ನೇ: ಮುಕ್ತ ಅಭ್ಯಾಸದಿಂದ ಅತಿ ಅಪಾಯದ ಪ್ರಯೋಗಗಳನ್ನು ಹೊರಗಿಟ್ಟು, ಉಳಿದವನ್ನು ಎದುರಾಳಿಯ ಪೂರ್ಣ ಪ್ರತಿರೋಧದ ನಡುವೆ ದಿನವೂ ಮಾಡಲು ಸಾಧ್ಯವಾಗಿಸಿದ್ದು. ಕಡಿಮೆ ಘಾತುಕವಾದ ವಿದ್ಯೆಯೇ ಅಭ್ಯಾಸದ ಬಲದಿಂದ ಹೆಚ್ಚು ಉಪಯುಕ್ತವಾಗಬಲ್ಲದು ಎಂಬ ಈ ತರ್ಕ ಮಣ್ಣಿನ ಕುಸ್ತಿಗೂ ಹಾಗೆಯೇ ಅನ್ವಯಿಸುತ್ತದೆ. ದಾಳಿಯ ಮೊದಲ ಕ್ಷಣದಲ್ಲಿ ಮನುಷ್ಯನನ್ನು ಸೋಲಿಸುವುದು ಬಹಳಷ್ಟು ಸಲ ನೋವಿಗಿಂತ ಮೊದಲೇ ಆವರಿಸುವ ದಿಗ್ಭ್ರಮೆ: ಇನ್ನೊಂದು ಮೈಯ ಭಾರ, ಬೆವರು, ಕೊರಳ ಮೇಲೆ ಬಿದ್ದ ತೋಳು, ಸಿಗದ ಉಸಿರು. ವರ್ಷಗಟ್ಟಲೆ ಹೌದಾದಲ್ಲಿ ಹೊರಳಿದವರಿಗೆ ಇದಾವುದೂ ಹೊಸದಲ್ಲ, ಆ ಕ್ಷಣದಲ್ಲಿ ಅವರ ಉಸಿರು ಕಟ್ಟುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಪಟ್ಟುಗಳ ಸಂಖ್ಯೆಗಿಂತ ಇದು ದೊಡ್ಡ ಗಳಿಕೆ.

ಪಟ್ಟುಗಳಲ್ಲಿಯೂ ಕೆಲವು ನೇರವಾಗಿ ಕೆಲಸಕ್ಕೆ ಬರುವಂಥವು. ದಸ್ತಿ ಎಂಬುದನ್ನು ಹತ್ತಿರದಿಂದ ನೋಡಬಹುದು. ಎದುರಿನವನು ಎದೆಗೋ ಕೊರಳಪಟ್ಟಿಗೋ ಬಲಗೈ ಚಾಚಿದಾಗ ಅವನ ಮಣಿಕಟ್ಟನ್ನು ಒಂದು ಕೈಯಿಂದ ಹಿಡಿದು, ಇನ್ನೊಂದು ಕೈಯನ್ನು ಅವನ ಕಂಕುಳ ಬಳಿ ತೋಳಿನ ಮೇಲ್ಭಾಗಕ್ಕೆ ಹಾಕಿ, ತೋಳನ್ನು ತನ್ನ ಎದೆಗೆ ಒತ್ತಿಕೊಂಡು ಎಳೆಯುತ್ತಲೇ ತಾನು ಅದೇ ಬದಿಗೆ ಹೆಜ್ಜೆ ಹಾಕುವುದು ಇದರ ಕ್ರಮ. ಎಳೆತಕ್ಕೆ ಸಿಕ್ಕವನು ಮುಂದಕ್ಕೆ ಮುಗ್ಗರಿಸುವಷ್ಟರಲ್ಲಿ ಎಳೆದವನು ಅವನ ಬೆನ್ನ ಹಿಂದೆ ಇರುತ್ತಾನೆ. ಕುಸ್ತಿಯಲ್ಲಿ ಇಲ್ಲಿಂದ ಮುಂದಿನ ಆಟ ಶುರುವಾದರೆ, ಬೀದಿಯಲ್ಲಿ ಇಲ್ಲಿಗೆ ಕೆಲಸ ಮುಗಿಯುತ್ತದೆ, ಏಕೆಂದರೆ ಬೆನ್ನ ಹಿಂದೆ ಹೋದವನ ಮುಂದೆ ಓಡುವ ದಾರಿ ತೆರೆದಿರುತ್ತದೆ. ಇದಕ್ಕೆ ದೈತ್ಯಬಲ ಬೇಡ, ಯಾರ ಮೂಳೆಯೂ ಮುರಿಯುವುದಿಲ್ಲ, ಎದುರಾಳಿ ನೆಂಟನೋ ನೆರೆಯವನೋ ಆಗಿದ್ದರೆ ಮರುದಿನ ಮುಖ ನೋಡಲು ಸಂಕೋಚವೂ ಇರುವುದಿಲ್ಲ. ಹೊಲದ ಬದುವಿನ ತಕರಾರು, ಕುಡಿದವನ ಎಳೆದಾಟ, ಬಸ್ ಸ್ಟ್ಯಾಂಡಿನ ನೂಕಾಟ, ಕೊರಳ ಸರಕ್ಕೆ ಬೀಳುವ ಕೈ, ಇವೇ ಈ ಸೀಮೆಯ ದೈನಂದಿನ ಹಿಂಸೆಯ ರೂಪಗಳೆಂದು ಒಪ್ಪಿದರೆ, ಇವುಗಳಲ್ಲಿ ಬಹುಪಾಲು ಶುರುವಾಗುವುದೇ ಹಿಡಿತದಿಂದ, ಆದ್ದರಿಂದ ಹಿಡಿತ ಬಿಡಿಸಿಕೊಳ್ಳುವ ವಿದ್ಯೆಯ ಬೆಲೆ ತಾನಾಗಿ ಗೊತ್ತಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಸಿದ್ಧೇಶ್ವರನ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳ ಹಿಂದೆ ಮುಂದೆ ನೆರೆಯುವಂಥ ಜನಸಾಗರದಲ್ಲಿ ಯಾರೂ ಶತ್ರುವಲ್ಲದಿದ್ದರೂ ಕಾಲು ಊರಿ ನಿಲ್ಲಬಲ್ಲವರು ಮಾತ್ರ ಸುರಕ್ಷಿತರು. ಮೊಣಕಾಲು ತುಸು ಮಡಿಸಿ, ಪಾದ ಅಗಲಿಸಿ, ನೂಕಿದ ಕಡೆಗೆ ಸೊಂಟ ತಿರುಗಿಸಿ ನಿಲ್ಲುವ ಪೈಲ್ವಾನನ ನಿಲುವು ಅಲ್ಲಿಯೂ ರಕ್ಷಣೆಯೇ.

ಬೀಳುವುದರ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ; ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವಿಕೆಯದು. ಬೀದಿ ಜಗಳದಲ್ಲಿ ಸಾವು ಸಂಭವಿಸಿದಾಗಲೂ ಎಷ್ಟೋ ಸಲ ಕಾರಣವಾಗುವುದು ಗುದ್ದಲ್ಲ, ಗುದ್ದಿನಿಂದ ಬಿದ್ದವನ ತಲೆ ಕಲ್ಲಿಗೋ ಗಟಾರದ ಅಂಚಿಗೋ ಬಡಿಯುವುದು. ಕುಸ್ತಿಯವರು ದಿನವೂ ಬೀಳುತ್ತಾರೆ, ಆದ್ದರಿಂದ ಬೀಳುವ ಭಯ ಅವರಲ್ಲಿಲ್ಲ ಎಂಬುದು ನಿಜ. ಆದರೆ ಎಂಥ ಬೀಳುವಿಕೆ ಅದು? ಜೂಡೊದಲ್ಲಿ ಗಲ್ಲವನ್ನು ಎದೆಗೆ ಒತ್ತಿ, ತಲೆಯನ್ನು ನೆಲದಿಂದ ದೂರವಿಟ್ಟು, ತೋಳನ್ನು ನೆಲಕ್ಕೆ ಬಡಿದು ಬೆನ್ನಿನ ಮೇಲೆ ಬೀಳುವುದನ್ನು ಮೊದಲ ಪಾಠವಾಗಿ ಕಲಿಸಿದರೆ, ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲೇ ಆದ್ದರಿಂದ ಪೈಲ್ವಾನನ ಮೈ ಗಾಳಿಯಲ್ಲಿಯೇ ಹೊರಳಿ ಎದೆ, ಭುಜ, ಹಣೆಯ ಮೇಲೆ ಬೀಳಲು ಹವಣಿಸುತ್ತದೆ. ಹದವಾದ ಮಣ್ಣಿನಲ್ಲಿ ಇದು ಜಾಣತನ. ಡಾಂಬರಿನ ಮೇಲೆ ಇದೇ ಹೊರಳಾಟ ಮುಖವನ್ನೂ ಭುಜದ ಮೂಳೆಯನ್ನೂ ಒಡ್ಡುತ್ತದೆ. ಒಂದೇ ಕುಲದ ಎರಡು ವಿದ್ಯೆಗಳ ನಡುವೆ ನಿಯಮದ ಒಂದು ಎಳೆ ಇಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂಬುದನ್ನು ಮಲ್ಲವಿದ್ಯೆಯ ಪರ ವಾದಿಸುವವರು ಮರೆಯುತ್ತಾರೆ.

ಹೌದಾದಿಂದ ಹೊರಬಂದಾಗ ಮರೆಯಬೇಕಾದ ರೂಢಿಗಳು ಇನ್ನೂ ಇವೆ. ಚಿತ್ ಆಗುವುದನ್ನು, ಅಂದರೆ ಅಂಗಾತ ಬೀಳುವುದನ್ನು, ತಪ್ಪಿಸಿಕೊಳ್ಳಲು ಕೆಳಗೆ ಸಿಕ್ಕ ಪೈಲ್ವಾನ ಹೊಟ್ಟೆ ನೆಲಕ್ಕೆ ಹಚ್ಚಿ, ಕೈಕಾಲು ಚಾಚಿ, ಮಣ್ಣಿಗೆ ಅಂಟಿಕೊಂಡು ಮಲಗುವುದುಂಟು. ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ, ಎಂದರೆ ಸೋಲು ಗೆಲುವು ತೀರ್ಮಾನವಾಗುವವರೆಗೆ ನಡೆಯುವ ಕುಸ್ತಿಯಲ್ಲಿ, ಈ ಭಂಗಿಯಲ್ಲಿ ಬಹಳ ಹೊತ್ತು ತಡೆದು ನಿಲ್ಲುವವರಿಗೆ ಹಲಗಿಯ ಸದ್ದೂ ಜನರ ಕೇಕೆಯೂ ಸಿಗುತ್ತದೆ. ನಿಜದ ದಾಳಿಯಲ್ಲಿ ಇದಕ್ಕಿಂತ ಅಪಾಯದ ಭಂಗಿ ಇನ್ನೊಂದಿಲ್ಲ: ಹಿಂದಲೆ, ಕತ್ತು, ಬೆನ್ನು ಪೂರ್ತಿ ಬಯಲಾಗಿರುತ್ತವೆ, ಬರುವ ಪೆಟ್ಟು ಕಾಣುವುದಿಲ್ಲ. ಮೇಲಿದ್ದವನ ರೂಢಿಯೂ ಅಷ್ಟೇ ತಪ್ಪು; ಕೆಡವಿದ ಮೇಲೆ ಅವನು ಅಲ್ಲೇ ಕುಳಿತು ಅದುಮುವುದನ್ನು ಕಲಿತಿರುತ್ತಾನೆ, ಆದರೆ ಬೀದಿಯಲ್ಲಿ ಕೆಡವಿದ ಮರುಗಳಿಗೆಯೇ ಎದ್ದು ದೂರ ಸರಿಯಬೇಕು. ಇನ್ನು ಗುದ್ದು, ಒದೆತ, ಕಚ್ಚುವುದು, ಕತ್ತು ಹಿಸುಕುವುದು ಇವೆಲ್ಲ ಕುಸ್ತಿಯಲ್ಲಿ ನಿಷಿದ್ಧವಾದ್ದರಿಂದ ಅವುಗಳನ್ನು ಮಾಡಲು ಬಾರದಿರುವುದು ಹಾಗಿರಲಿ, ಅವು ಬರುವ ದಾರಿಯೂ ಕುಸ್ತಿಯವರಿಗೆ ಗೊತ್ತಿರುವುದಿಲ್ಲ. ಒಬ್ಬರ ಹಣೆ ಇನ್ನೊಬ್ಬರ ಹೆಗಲಿಗೆ ಒರಗಿಸಿ ನಿಲ್ಲುವ ನಿಲುವಿನಲ್ಲಿ ಮುಖದ ಕೆಳಗಿನಿಂದ ಮೊಣಕಾಲು ಬಂದರೆ ತಡೆಯಲು ಕೈ ಬಿಡುವಾಗಿರುವುದಿಲ್ಲ. ಮೈಸೂರು ದಸರೆಯಲ್ಲಿ ಜಟ್ಟಿಗಳು ಕಾದುವ ವಜ್ರಮುಷ್ಟಿಯಲ್ಲಿ ಹಿಡಿತದ ಜೊತೆಗೆ ಮುಷ್ಟಿಯ ಪೆಟ್ಟೂ ಸೇರಿಕೊಂಡು, ತಲೆಯಿಂದ ಮೊದಲ ರಕ್ತ ಕಂಡೊಡನೆ ಕಾಳಗ ನಿಲ್ಲುವುದನ್ನು ನೆನೆದರೆ, ಹಿಡಿತ ಮತ್ತು ಹೊಡೆತ ಒಟ್ಟಿಗೆ ಇದ್ದ ಕಾಲದ ಒಂದು ತುಣುಕು ಅಲ್ಲಿ ಉಳಿದುಕೊಂಡಿದೆ ಎನ್ನಬಹುದು.

ನೆಲ ಬದಲಾದರೆ ವಿದ್ಯೆಯೂ ಬದಲಾಗಬೇಕು ಎಂಬುದಕ್ಕೆ ಕ್ರೀಡೆಯೊಳಗೇ ಪುರಾವೆಯಿದೆ. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವ್ ಮಣ್ಣಿನಲ್ಲಿ ಪಳಗಿದ ಮಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಒಗ್ಗದ ಮ್ಯಾಟಿನ ಮೇಲೆ ಸೆಣಸಿ ಆರನೆಯ ಸ್ಥಾನಕ್ಕೆ ನಿಂತವರು, ಮ್ಯಾಟಿಗೆ ಒಗ್ಗಿಕೊಂಡ ಮೇಲೆ 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಅಂಥವರಿಗೇ ಮಣ್ಣಿನಿಂದ ಮ್ಯಾಟಿಗೆ ದಾಟಲು ಪ್ರತ್ಯೇಕ ಅಭ್ಯಾಸ ಬೇಕಾಯಿತೆಂದ ಮೇಲೆ, ಮಣ್ಣಿನಿಂದ ಬೀದಿಗೆ ದಾಟಲು ಏನೂ ಬೇಡ ಎಂದು ನಂಬುವುದು ಹೇಗೆ?

ಈಗ ಆಯುಧದ ಪ್ರಶ್ನೆ. ಸೊಲ್ಲಾಪುರ ಮಹಾರಾಷ್ಟ್ರದಲ್ಲಿಯೇ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆಗಳಲ್ಲಿ ಒಂದು. ಕಬ್ಬಿನ ಸೀಮೆಯಲ್ಲಿ ಕಬ್ಬು ಕಡಿಯುವ ಕೋಯ್ತಾ ಎಲ್ಲರ ಕೈಗೂ ಸಿಗುತ್ತದೆ, ಅದಿಲ್ಲದಿದ್ದರೆ ಕೊಡಲಿ, ಕುಡಗೋಲು, ಬಡಿಗೆಗಳಿಗೆ ಯಾವ ಹೊಲದ ಮನೆಯಲ್ಲೂ ಕೊರತೆಯಿಲ್ಲ. ಹಿಡಿತದ ವಿದ್ಯೆ ಎದುರಾಳಿಯ ಹತ್ತಿರಕ್ಕೆ ಹೋಗುವುದನ್ನು ಕಲಿಸುತ್ತದೆ, ಅಲಗಿನ ಮುಂದೆ ಹತ್ತಿರ ಹೋಗುವುದೇ ಆಪತ್ತು. ಈ ಸತ್ಯಕ್ಕೆ ಈ ನಾಡಿನ ಇತಿಹಾಸದಲ್ಲಿಯೇ ಎಲ್ಲರೂ ಬಲ್ಲ ನಿದರ್ಶನವಿದೆ. 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಬಿಜಾಪುರದ ಸರದಾರ ಅಫಜಲ್ ಖಾನ್ ಮತ್ತು ಶಿವಾಜಿಯ ನಡುವೆ ನಡೆದದ್ದನ್ನು ಸಭಾಸದ ಬಖರಿನಂಥ ಮರಾಠಿ ಮೂಲಗಳು ವಿವರಿಸುವ ರೀತಿಯಲ್ಲಿ ತೆಗೆದುಕೊಂಡರೆ, ಆಲಿಂಗನದ ನೆಪದಲ್ಲಿ ದೈತ್ಯದೇಹದ ಖಾನ್ ಶಿವಾಜಿಯ ಕೊರಳನ್ನು ಕಂಕುಳಲ್ಲಿ ಒತ್ತಿ ಹಿಡಿದದ್ದು ಕುಸ್ತಿಯ ದೃಷ್ಟಿಯಿಂದ ಗೆಲ್ಲುವ ಹಿಡಿತವೇ. ಆದರೂ ಆ ಹಿಡಿತ ಗೆಲ್ಲಲಿಲ್ಲ: ಖಾನನ ಕಠಾರಿ ಅಂಗಿಯೊಳಗಿನ ಕವಚಕ್ಕೆ ತಾಗಿತು, ಶಿವಾಜಿಯ ಬಿಡುವಾಗಿದ್ದ ಕೈಗಳಲ್ಲಿ ವ್ಯಾಘ್ರನಖ ಮತ್ತು ಬಿಚವಾ ಎಂಬ ಬಾಕು ಇದ್ದವು. ರಾಜಕೀಯ ವಿವಾದಗಳನ್ನು ಬದಿಗಿಟ್ಟು ಬರಿಯ ತಂತ್ರವಾಗಿ ಓದಿದಾಗ, ದೇಹಬಲವನ್ನೂ ಹಿಡಿತವನ್ನೂ ನಂಬಿದವನಿಗಿಂತ, ಹತ್ತಿರ ಹೋಗುವ ಮುನ್ನ ಮುಂದಾಲೋಚನೆ ಮಾಡಿದವನು ಉಳಿದ ಎಂಬುದು ಕಾಣುತ್ತದೆ. ಅಲಗು ಹಿಡಿದವನ ಮುಂದೆ ಮೊದಲ ಉಪಾಯ ದೂರ ಓಡುವುದು. ಓಡಲು ಜಾಗವಿಲ್ಲದೆ ಮೂಲೆಗೆ ಸಿಕ್ಕಾಗ ಮಾತ್ರ ಆಯುಧದ ಕೈಯ ಮಣಿಕಟ್ಟನ್ನು ಎರಡೂ ಕೈಗಳಿಂದ ಅದುಮಿ ಹಿಡಿಯುವ ಪೈಲ್ವಾನನ ಮುಷ್ಟಿಯ ಬಲ ಕೊನೆಯ ಆಸರೆಯಾದೀತು, ಆಗಲೂ ಗಾಯ ತಪ್ಪದು.

ಒಬ್ಬನಿಗಿಂತ ಹೆಚ್ಚು ಮಂದಿ ಎದುರಾದರೆ ಕತೆ ಇನ್ನೂ ಬೇಗ ಮುಗಿಯುತ್ತದೆ. ಒಬ್ಬನನ್ನು ಹಿಡಿದ ಕೈಗೆ ಇನ್ನೊಬ್ಬನನ್ನು ತಡೆಯಲು ಬಿಡುವಿಲ್ಲ. ಹೊಡೆತದ ವಿದ್ಯೆಗಳೂ ಇಲ್ಲಿ ಪವಾಡ ಮಾಡುವುದಿಲ್ಲ ಎಂಬುದನ್ನು ಸೇರಿಸಬೇಕು, ಸಿನಿಮಾದ ಮಾತು ಬೇರೆ.

ಮಲ್ಲವಿದ್ಯೆಯೇ ಶ್ರೇಷ್ಠವೆನ್ನುವವರು ಮುಂದಿಡುವ ದೊಡ್ಡ ಸಾಕ್ಷಿ 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ, ಬೇರೆ ಬೇರೆ ವಿದ್ಯೆಗಳವರನ್ನು ಮುಖಾಮುಖಿಯಾಗಿಸಿದ ಸ್ಪರ್ಧೆ. ಅಷ್ಟೇನೂ ದಪ್ಪವಲ್ಲದ ರಾಯ್ಸ್ ಗ್ರೇಸಿ ಎಂಬ ಬ್ರೆಜಿಲಿನ ಜುಜುತ್ಸು ಪಟು ಒಂದೇ ರಾತ್ರಿ ಮೂವರನ್ನು ಹಿಡಿತದಿಂದಲೇ ಸೋಲಿಸಿದ್ದು ನಿಜವಾದರೂ, ಕೆಲವೇ ವರ್ಷಗಳಲ್ಲಿ ಉಳಿದವರು ಆ ಹಿಡಿತಗಳನ್ನು ಬಿಡಿಸಿಕೊಳ್ಳಲು ಕಲಿತು ಆಟದ ಚಹರೆಯೇ ಬದಲಾಯಿತು ಎಂಬುದೂ ಅಷ್ಟೇ ನಿಜ. ಅಲ್ಲಿ ಗೆದ್ದದ್ದರಲ್ಲಿ ಎದುರಾಳಿಯ ಅಜ್ಞಾನದ ಪಾಲೂ ಇತ್ತು. ಹೊಡೆದಾಟಗಳೆಲ್ಲ ಕೊನೆಗೆ ನೆಲಕ್ಕೇ ಬೀಳುತ್ತವೆ ಎಂಬ ಜನಪ್ರಿಯ ಹೇಳಿಕೆಗೂ ಇದೇ ಎಚ್ಚರ ಬೇಕು. ಅದು ಬಹುಮಟ್ಟಿಗೆ ಪೊಲೀಸರ ಬಂಧನದ ದಾಖಲೆಗಳನ್ನು ಆಧರಿಸಿದ್ದು, ಕೈಗೆ ಬೇಡಿ ಹಾಕಬೇಕಾದ ಪೊಲೀಸನು ಆರೋಪಿಯನ್ನು ಬೇಕೆಂದೇ ನೆಲಕ್ಕೆ ಕೆಡವುತ್ತಾನೆ. ತಪ್ಪಿಸಿಕೊಂಡು ಹೋಗಬೇಕಾದವರ ಗುರಿ ಅದಕ್ಕೆ ತದ್ವಿರುದ್ಧ.

ಕಾನೂನಿನ ದೃಷ್ಟಿಯಿಂದ ಮಾತ್ರ ಹಿಡಿತದ ವಿದ್ಯೆಗೆ ಉಳಿದವುಗಳಿಗಿಲ್ಲದ ಒಂದು ಮೇಲುಗೈ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು, ಹಳೆಯ ದಂಡ ಸಂಹಿತೆಯಲ್ಲಿ 96ರಿಂದ 106ರವರೆಗೆ ಇದ್ದ ಖಾಸಗಿ ರಕ್ಷಣೆಯ ಹಕ್ಕನ್ನೇ ಮುಂದುವರಿಸುತ್ತವೆ. ಖಾಸಗಿ ರಕ್ಷಣೆ ಎಂದರೆ ತನ್ನ ಅಥವಾ ಇನ್ನೊಬ್ಬರ ದೇಹಕ್ಕೂ ಆಸ್ತಿಗೂ ಒದಗಿದ ಅಪಾಯವನ್ನು ಬಲಪ್ರಯೋಗದಿಂದ ತಡೆಯಲು ಪ್ರಜೆಗೆ ಇರುವ ಅವಕಾಶ. ಆದರೆ 37ನೆಯ ಕಲಮಿನ ಪ್ರಕಾರ ರಕ್ಷಣೆಗೆ ಅಗತ್ಯವಿರುವುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಸರ್ಕಾರದ ಅಧಿಕಾರಿಗಳ ಮೊರೆ ಹೋಗಲು ಸಮಯವಿದ್ದಾಗ ಈ ಹಕ್ಕೇ ಹುಟ್ಟುವುದಿಲ್ಲ. 40ನೆಯ ಕಲಮು ಹೇಳುವಂತೆ ಅಪಾಯದ ಭಯ ಹುಟ್ಟಿದಾಗ ಶುರುವಾಗುವ ಈ ಹಕ್ಕು ಆ ಭಯ ಇರುವವರೆಗೆ ಮಾತ್ರ ಮುಂದುವರಿಯುತ್ತದೆ. ಗುದ್ದನ್ನು ಕೊಟ್ಟ ಮೇಲೆ ಹಿಂದೆ ತೆಗೆದುಕೊಳ್ಳಲು ಬಾರದು, ಹಿಡಿತವನ್ನಾದರೆ ಬಿಗಿ ಮಾಡಬಹುದು, ಸಡಿಲಿಸಬಹುದು, ಎದುರಿನವನು ತಣ್ಣಗಾದೊಡನೆ ಬಿಟ್ಟುಬಿಡಬಹುದು; ಕಾನೂನು ಕೇಳುವ ಅಳತೆ ಹಿಡಿತಕ್ಕೆ ಸಹಜವಾಗಿಯೇ ಒಗ್ಗುತ್ತದೆ. ಇದೇ ಅಳತೆಯನ್ನು ಮೀರುವ ಪಟ್ಟುಗಳೂ ಕುಸ್ತಿಯಲ್ಲಿವೆ. ಎದುರಾಳಿಯನ್ನು ಹೆಗಲ ಮೇಲಿನಿಂದ ಎತ್ತಿ ಒಗೆಯುವ ಧೋಬಿ ಪಛಾಡ್ ಮಣ್ಣಿನಲ್ಲಿ ಚಪ್ಪಾಳೆ ಗಿಟ್ಟಿಸಿದರೆ, ಫರಸಿಕಲ್ಲಿನ ಅಂಗಳದಲ್ಲಿ ತಲೆಬುರುಡೆ ಒಡೆದು ಒಗೆದವನನ್ನೇ ಕಟಕಟೆಗೆ ತರುತ್ತದೆ. ಕೆಳಗೆ ಬಿದ್ದವನ ಕತ್ತಿನ ಮೇಲೆ ಮೊಣಕಾಲು ಊರಿ ಕೂರುವುದರ ಪರಿಣಾಮವನ್ನು 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸಾವಿನಲ್ಲಿ ಜಗತ್ತು ಕಂಡಿದೆ. ಬೋರಲು ಮಲಗಿಸಿ ಬೆನ್ನಿನ ಮೇಲೆ ಭಾರ ಹಾಕಿದರೂ ಉಸಿರು ನಿಲ್ಲಬಹುದು ಎಂಬುದನ್ನು ಪ್ರತಿ ವಸ್ತಾದನೂ ಶಿಷ್ಯರಿಗೆ ಹೇಳಿಕೊಡುವುದು ಅಗತ್ಯ.

ಇಷ್ಟೆಲ್ಲ ಚರ್ಚೆಯಲ್ಲಿ ಹೌದಾದೊಳಗೆ ಕಾಲಿಡಲು ಬಹುಕಾಲ ಅವಕಾಶವೇ ಇಲ್ಲದಿದ್ದ ಅರ್ಧ ಸಮಾಜದ ಮಾತು ಬಂದಿಲ್ಲ. ಆತ್ಮರಕ್ಷಣೆಯ ಅಗತ್ಯ ಹೆಚ್ಚಾಗಿರುವುದು ಹೆಣ್ಣುಮಕ್ಕಳಿಗೆ, ತಾಲೀಮು ತೆರೆದಿದ್ದದ್ದು ಗಂಡಸರಿಗೆ. ಕನ್ನಡಿಗರಿಗೆ ಕುಮಾರವ್ಯಾಸನಿಂದ ಚಿರಪರಿಚಿತವಾದ ಕೀಚಕವಧೆಯ ಪ್ರಸಂಗದಲ್ಲಿಯೂ ದ್ರೌಪದಿಯ ರಕ್ಷಣೆ ಆಗುವುದು ಅಡುಗೆಮನೆಯ ವಲಲನ ವೇಷದಲ್ಲಿದ್ದ ಭೀಮನ ಮಲ್ಲಬಲದಿಂದ. ಅವಳ ಪಾಲಿಗೆ ಬಂದದ್ದು ಭೀಮನನ್ನು ಎಬ್ಬಿಸುವ ಕೆಲಸ. ವಾಸ್ತವದಲ್ಲಿ ಹೆಣ್ಣಿನ ಮೇಲಿನ ದಾಳಿ ಬಹುಪಾಲು ನಡೆಯುವುದು ಪರಿಚಿತರಿಂದ, ಮುಚ್ಚಿದ ಜಾಗದಲ್ಲಿ, ಮಣಿಕಟ್ಟು, ಜಡೆ, ಕೊರಳಿಗೆ ಬೀಳುವ ಹಿಡಿತದಿಂದ, ಆದ್ದರಿಂದ ಮೇಲೆ ಬಿದ್ದ ಭಾರವನ್ನು ಸೊಂಟದ ಬಲದಿಂದ ಹೊರಳಿಸಿ ಎದ್ದೇಳುವ ವಿದ್ಯೆ ಯಾರಿಗಾದರೂ ಅತ್ಯಂತ ಉಪಯುಕ್ತವಾಗಬಲ್ಲದಾದರೆ ಅವರಿಗೇ. ಆದರೆ ಪಟ್ಟೊಂದೇ ಸಾಲದು ಎಂಬುದಕ್ಕೂ ಆಧಾರವಿದೆ. ಕೆನಡಾದ ಮೂರು ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರ ನಡುವೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 12 ಗಂಟೆಗಳ ತರಬೇತಿ ಪಡೆದವರಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಶೇಕಡ 5.2, ಪಡೆಯದವರಲ್ಲಿ ಶೇಕಡ 9.8 ಇತ್ತು, ಆ 12 ಗಂಟೆಗಳಲ್ಲಿ ದೈಹಿಕ ಪ್ರತಿರೋಧದ ಪಾಠ ಒಂದು ಭಾಗ ಮಾತ್ರ, ಉಳಿದದ್ದು ಅಪಾಯವನ್ನು ಮುಂಚೆಯೇ ಗುರುತಿಸುವುದು, ಪರಿಚಿತನಾದರೂ ಬೇಡ ಎಂದು ಗಟ್ಟಿಯಾಗಿ ಹೇಳಲು ಅಳುಕದಿರುವುದು. 2023ರಲ್ಲಿ ದೇಶಕ್ಕೆ ಪದಕ ತಂದ ಮಹಿಳಾ ಕುಸ್ತಿಪಟುಗಳೇ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಲೈಂಗಿಕ ಕಿರುಕುಳದ ಆರೋಪ ಮಾಡಿ ಧರಣಿ ಕೂರಬೇಕಾಗಿ ಬಂದದ್ದನ್ನು ಇಲ್ಲಿ ನೆನೆಯದಿರಲಾಗದು: ತೋಳಿನ ಬಲ ದೇಶದಲ್ಲೇ ಮೊದಲ ಸಾಲಿನದಾಗಿದ್ದರೂ ಅಧಿಕಾರದ ಸ್ಥಾನದಿಂದ ಬರುವ ಕೈಯನ್ನು ತಡೆಯಲು ದಸ್ತಿಯಂಥ ಯಾವ ಪಟ್ಟೂ ಸಾಲುವುದಿಲ್ಲ. ಅದೇ 2023ರಲ್ಲಿ ಸಾಂಗಲಿಯಲ್ಲಿ ಮಹಿಳೆಯರಿಗಾಗಿ ಪ್ರತ್ಯೇಕವಾಗಿ ಮಹಾರಾಷ್ಟ್ರ ಕೇಸರಿ ಸ್ಪರ್ಧೆ ಶುರುವಾದದ್ದು, ಪುರುಷರ ಸ್ಪರ್ಧೆ 1961ರಲ್ಲಿ ಆರಂಭವಾದ ಅರವತ್ತೆರಡು ವರ್ಷಗಳ ಮೇಲೆ.

ತಾಲೀಮಿನ ಅಭ್ಯಾಸವನ್ನು ಆತ್ಮರಕ್ಷಣೆಯ ಕಡೆಗೆ ತಿರುಗಿಸಲು ಹೊಸ ವಿದ್ಯೆಯನ್ನು ಹೊರಗಿನಿಂದ ತರಿಸಬೇಕಾಗಿಲ್ಲ, ಜೋಡಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕು ಎಂಬುದನ್ನು ಬದಲಿಸಿದರೆ ಬಹುಪಾಲು ಕೆಲಸ ಆಗುತ್ತದೆ. ಸಲಾಮಿ ಕೊಟ್ಟು ನಿಂತು ಶುರುಮಾಡುವ ಬದಲು ಒಬ್ಬನನ್ನು ಅಂಗಾತ ಮಲಗಿಸಿ, ಇನ್ನೊಬ್ಬನನ್ನು ಅವನ ಎದೆಯ ಮೇಲೆ ಕೂರಿಸಿ ಶುರುಮಾಡಬಹುದು. ಕೆಳಗಿದ್ದವನು ಎದ್ದು ಹೌದಾದ ಅಂಚು ದಾಟಿದರೆ ಗೆಲುವು, ಮೇಲಿನವನನ್ನು ಚಿತ್ ಮಾಡಿದ್ದಕ್ಕೆ ಏನೂ ಇಲ್ಲ. ವಾರಕ್ಕೊಮ್ಮೆ ಲಂಗೋಟಿ ಬಿಟ್ಟು ಅಂಗಿ ಪೈಜಾಮ ತೊಟ್ಟು ಹಿಡಿಯಬಹುದು, ನಡುವೆ ಎಚ್ಚರಿಕೆಯಿಲ್ಲದೆ ಮೂರನೆಯವನನ್ನು ಒಳಗೆ ಬಿಡಬಹುದು, ಕಟ್ಟಿಗೆಯ ಕೋಯ್ತಾ ಕೊಟ್ಟು ಎಷ್ಟು ಸಲ ತಾಗಿತೆಂದು ಸುಣ್ಣದ ಗುರುತಿನಿಂದ ಲೆಕ್ಕ ಹಾಕಬಹುದು. ಈ ಕೊನೆಯದು ಪೈಲ್ವಾನರ ಅಹಂಕಾರಕ್ಕೆ ಕಹಿಯಾದರೂ ಓಡುವುದನ್ನು ಕಲಿಸಲು ಇದಕ್ಕಿಂತ ಚುರುಕಾದ ಪಾಠವಿಲ್ಲ. ವಯಸ್ಸಾದ ವಸ್ತಾದರಲ್ಲಿ ಲಾಠಿ, ಪಟ್ಟಾಗಳನ್ನು ಇನ್ನೂ ಬಲ್ಲವರಿರುವ ಕಡೆ ಅವನ್ನು ಮೆರವಣಿಗೆಯಿಂದ ಮತ್ತೆ ಹೌದಾದ ಪಕ್ಕಕ್ಕೆ ತರುವುದೂ ಆಗದ ಮಾತಲ್ಲ. ಬಾಲಕಿಯರ ಮಟ್ಟಿಗೆ ಹೇಳುವುದಾದರೆ, ತಾಲೀಮಿನ ಬಾಗಿಲು ತೆರೆಯದ ಊರುಗಳಲ್ಲಿ ಶಾಲೆಯ ಸಭಾಂಗಣದ ಒಂದು ಮ್ಯಾಟೇ ಸಾಕಾಗುತ್ತದೆ, ಬೇಕಾದ ಪಟ್ಟುಗಳು ನಾಲ್ಕೈದನ್ನು ಮೀರುವುದಿಲ್ಲ. ಅವನ್ನು ಜೋಡಿ ಹಚ್ಚಿ ಕಲಿಸಬಲ್ಲ ಮಹಿಳಾ ತರಬೇತುದಾರರನ್ನು ಅಕ್ಕಲಕೋಟದಂಥ ತಾಲೂಕಿನ ಹಳ್ಳಿಗಳವರೆಗೆ ಒದಗಿಸುವ ಏರ್ಪಾಡು ಮಾತ್ರ ಇನ್ನು ಆಗಬೇಕಾಗಿದೆ.